ಶ್ರಾವಣದಲ್ಲಿ ನಡುಗುವ ಕೈ

ನಮ್ಮ ಅಣ್ಣ ಕುಡುಕನಲ್ಲ ಎಂದು ಹತ್ತು ಹನ್ನೆರಡು ವರ್ಷ ಊರಿಗೆಲ್ಲ ವಾದ ಮಾಡಿದವಳು ನಾನು. ವಾದದಲ್ಲಿ ನನ್ನನ್ನು ಗೆದ್ದವರು ಕಡಿಮೆ. ನರೋಣಾದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸಿ ಹೇಳಿಸಿ ಪಳಗಿದ ಬಾಯಿ ಇದು, ಆಳಂದದ ಮನೆಗೆ ಬಂದರೂ ಮುಚ್ಚುವುದಿಲ್ಲ ಎಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ನನ್ನ ವಾದ ಇಷ್ಟೇ ಇತ್ತು: ಕುಡುಕ ಅಂದರೆ ಬಿಡಲಾಗದವನು. ನಮ್ಮಣ್ಣ ಪ್ರತಿವರ್ಷ ಶ್ರಾವಣ ಹಿಡಿಯುತ್ತಾನೆ. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ ಒಂದು ಹನಿ ಮುಟ್ಟುವುದಿಲ್ಲ. ಅಂದಮೇಲೆ ಅವನು ಕುಡುಕ ಹೇಗಾದಾನು?

ಶ್ರಾವಣ ಹಿಡಿಯುವುದು ಎಂದರೆ ನಮ್ಮ ಕಡೆ ದೊಡ್ಡ ಮಾತು. ವರ್ಷವೆಲ್ಲ ಮನಸ್ಸಿಗೆ ಬಂದಂತೆ ಇದ್ದ ಗಂಡಸರೂ ಆ ಒಂದು ತಿಂಗಳು ಶುದ್ಧರಾಗುತ್ತಾರೆ. ಗಡ್ಡ ಬಿಡುತ್ತಾರೆ, ಸೋಮವಾರ ಒಪ್ಪೊತ್ತು ಇರುತ್ತಾರೆ, ಸಂಜೆ ಮಠಕ್ಕೆ ಹೋಗಿ ಪುರಾಣ ಕೇಳುತ್ತಾರೆ, ಹಣೆಯ ಮೇಲಿನ ವಿಭೂತಿ ಬೆವರಿಗೂ ಅಳಿಸದಂತೆ ಬಳಿದುಕೊಳ್ಳುತ್ತಾರೆ. ತಿಂಗಳು ಮುಗಿದ ಮರುದಿನ ಅದೇ ಮಂದಿ ದಾರು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಅದರ ಮುಂದೆ ನಿಂತಿರುತ್ತಾರೆ, ಆ ಮಾತು ಬೇರೆ. ನಾವು ಲಿಂಗ ಕಟ್ಟಿದ ಮಂದಿ. ನಮ್ಮ ಮನೆಯಲ್ಲಿ ದಾರು ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ. ಅಣ್ಣ ಸ್ವಲ್ಪ 'ತಗೋತಾನ' ಎನ್ನುತ್ತಿದ್ದೆವು. ಏನು ತಗೋತಾನ ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ.

ಅಣ್ಣನದು ಅಫಜಲಪುರದ ಬಜಾರಿನಲ್ಲಿ ಬಳೆ ಅಂಗಡಿ. ನಮ್ಮ ಅಪ್ಪನ ಕಾಲಕ್ಕೆ ಅಂಗಡಿ ಗಿಂಗಡಿ ಏನೂ ಇರಲಿಲ್ಲ. ಹಗ್ಗದಲ್ಲಿ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿಗೆ ಇಳಿಬಿಟ್ಟುಕೊಂಡು ಅಪ್ಪ ಅತನೂರು, ಘತ್ತರಗಿ ಎಂದು ನಡೆದೇ ಮಾರುತ್ತಿದ್ದ. ಅಪ್ಪ ಓಣಿಯ ತುದಿಗೆ ಬಂದನೆಂದರೆ ಗಾಜಿನ ಸಪ್ಪಳ ಮೊದಲು ಮನೆಗೆ ಬರುತ್ತಿತ್ತು. ಅವ್ವ ಆ ಸಪ್ಪಳ ಕೇಳಿಯೇ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಣ್ಣ ದೊಡ್ಡವನಾದ ಮೇಲೆ ಅಂಗಡಿ ಹಾಕಿದ. ಆದರೂ ಅಮಾವಾಸ್ಯೆ ಹುಣ್ಣಿಮೆಗೆ ಭಾಗ್ಯವಂತಿಯ ದರ್ಶನಕ್ಕೆ ಮಂದಿ ಬರುತ್ತಾರೆಂದು ಘತ್ತರಗಿಗೆ ಹೋಗಿ, ಭೀಮಾ ನದಿಗೆ ಇಳಿಯುವ ದಾರಿಯಲ್ಲಿ ಚಾಪೆ ಹಾಸಿ ಕೂಡುತ್ತಿದ್ದ. ದೇವಿಗೆ ಉಡಿ ತುಂಬಿ ಬಂದ ಹೆಂಗಸರು ಹಸಿರು ಬಳೆ ಇಡಿಸಿಕೊಂಡೇ ಬಸ್ಸು ಹತ್ತುತ್ತಿದ್ದರು.

ಅವನ ಕೈಗುಣ ಎಂಥದ್ದೆಂದು ಈಗ ಹೇಳಿದರೆ ನಂಬುವವರು ಕಡಿಮೆ. ಹೆಂಗಸು ಬಂದು ಕೂತು ಕೈ ಮುಂದೆ ಮಾಡಿದರೆ ಸಾಕು, ಅಳತೆ ಕೇಳುತ್ತಿರಲಿಲ್ಲ. ಬೆರಳೆಲ್ಲ ಕೂಡಿಸಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅಂಗೈಯ ಎಲುಬನ್ನು ಒಮ್ಮೆ ಹಗುರಾಗಿ ಒತ್ತಿ ನೋಡಿ, ಡಬ್ಬಿಯಿಂದ ಸರಿಯಾದ ಬಳೆಯನ್ನೇ ತೆಗೆಯುತ್ತಿದ್ದ. ಒತ್ತುತ್ತಲೇ ಮಾತಿಗೆ ಎಳೆಯುತ್ತಿದ್ದ. ಈ ಕೈ ನಿನ್ನೆಯೆಲ್ಲ ಹತ್ತಿ ಬಿಡಿಸಿದ ಕೈ ಎನ್ನುತ್ತಿದ್ದ. ಈ ಕೈ ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತದೆ, ತವರಿನಲ್ಲಿ ಬಡಿದದ್ದೇ ಇಲ್ಲ ಎಂದು ಕಾಡುತ್ತಿದ್ದ. ಆಕೆ ನಗುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಹೆಂಗಸರ ಕೈ ಹಿಡಿದು ಅವರ ಬದುಕನ್ನೆಲ್ಲ ಹೇಳುತ್ತಿದ್ದವನ ಕೈಯನ್ನು ಮಾತ್ರ ನಾವ್ಯಾರೂ ಓದಲಿಲ್ಲ.

ನನ್ನ ಮದುವೆಯ ಹಿಂದಿನ ದಿನ ನನಗೆ ಬಳೆ ಇಟ್ಟವನೂ ಅವನೇ. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಎರಡೂ ಕೈಗೆ ಮೊಣಕೈಯ ಹತ್ತಿರದವರೆಗೆ ಹಸಿರು ಬಳೆ, ಏರಿಸುವಾಗ ಒಂದೂ ಹೆಚ್ಚಲಿಲ್ಲ. ನಮ್ಮಲ್ಲಿ ಬಳೆ ಒಡೆಯಿತು ಅನ್ನಬಾರದು, ಅದು ಕೆಟ್ಟ ಮಾತು. ಬಳೆ ಹೆಚ್ಚಿತು ಅನ್ನಬೇಕು. ಬಳೆಗಾರನ ಮನೆಯಲ್ಲಂತೂ ಆ ಒಡೆಯುವ ಮಾತು ಬಾಯಿಗೆ ಬಂದರೆ ಅವ್ವ ಹಿಂದಿನಿಂದ ಒಂದು ಬಿಡುತ್ತಿದ್ದಳು. ಕೊನೆಯ ಬಳೆ ಏರಿಸಿದ ಮೇಲೆ ಅಣ್ಣ ನನ್ನ ಎರಡೂ ಕೈ ಕೂಡಿಸಿ ಹಿಡಿದು, ಪ್ರತಿವರ್ಷ ಪಂಚಮಿಗೆ ಬಾ, ನಾನಿರುವ ತನಕ ಬೇರೆ ಯಾರ ಕೈಯಲ್ಲೂ ಬಳೆ ಇಡಿಸಿಕೊಳ್ಳಬೇಡ ಎಂದ. ನಾನು ಅತ್ತೆ. ಅವನೂ ಅತ್ತ. ಆಮೇಲೆ ನಾನು ಆ ಮಾತನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

ಪಂಚಮಿಗೆ ಆಳಂದದಿಂದ ಅಫಜಲಪುರಕ್ಕೆ ಹೋಗುವ ಆ ಬಸ್ಸನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಹಿತವಾಗುತ್ತದೆ. ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ತೊಡೆಯ ಮೇಲೆ ಕೂಸು, ಕಾಲ ಬುಡದಲ್ಲಿ ಉಂಡಿಯ ಡಬ್ಬಿ. ಕಿಟಕಿಯ ಹೊರಗೆ ಮೊಣಕಾಲೆತ್ತರದ ತೊಗರಿ. ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ನಿಂತಿರುತ್ತಿದ್ದ. ನನ್ನ ಚೀಲ ತಗೊಳ್ಳುವ ಮೊದಲು ಕೈ ಹಿಡಿದು, ಹೋದ ವರ್ಷದ ಬಳೆ ಎಷ್ಟು ಉಳಿದಿವೆ ನೋಡುತ್ತಿದ್ದ. ಕಡಿಮೆ ಉಳಿದಿದ್ದರೆ ಶಾಲೆ ಮಾಸ್ತರರಾದ ನಮ್ಮ ಮನೆಯವರಿಗೆ ಬೈಗುಳ. ಹೆಂಡತಿ ಕೈಲಿ ಎಷ್ಟು ದುಡಿಸ್ತಾನ ಆ ಮಾಸ್ತರ, ಎನ್ನುತ್ತಿದ್ದ.

ಶುರುವಾದದ್ದು ಸ್ವಲ್ಪ ಸ್ವಲ್ಪವಾಗಿ. ಮೊದಮೊದಲು ಯಾರದೋ ಮದುವೆ, ಯಾರದೋ ಜವಳ. ಆಮೇಲೆ ಅಮಾವಾಸ್ಯೆಯ ವ್ಯಾಪಾರ ಮುಗಿಸಿ ದಣಿದು ಬಂದಾಗ. ಆಮೇಲೆ ದಿನಾ ಸಂಜೆ. ನಾವು ಕುಡುಕ ಎಂದು ಯಾರನ್ನು ತಿಳಿದಿದ್ದೆವೋ ಅವನು ಗಟಾರದಲ್ಲಿ ಬೀಳುತ್ತಿದ್ದ, ಹೆಂಡತಿಯನ್ನು ಬಡಿಯುತ್ತಿದ್ದ, ಓಣಿಯಲ್ಲಿ ನಿಂತು ಹೊಲಸು ಮಾತಾಡುತ್ತಿದ್ದ. ಅಣ್ಣ ಇದರಲ್ಲಿ ಯಾವುದನ್ನೂ ಮಾಡಲಿಲ್ಲ. ಎಂದೂ ತೊದಲಲಿಲ್ಲ, ಎಂದೂ ಅಂಗಡಿ ತೆರೆಯದೆ ಇರಲಿಲ್ಲ. ಬಾಯಲ್ಲಿ ಲವಂಗ ಇರುತ್ತಿತ್ತು, ಹಲ್ಲು ನೋವು ಎನ್ನುತ್ತಿದ್ದ. ಊಟ ಕಡಿಮೆಯಾಗಿತ್ತು, ವಯಸ್ಸು ಎನ್ನುತ್ತಿದ್ದ. ಇಷ್ಟು ವರ್ಷ ಹಲ್ಲು ನೋಯುವವನು ಒಮ್ಮೆಯೂ ಹಲ್ಲಿನ ಡಾಕ್ಟರ ಬಳಿ ಯಾಕೆ ಹೋಗಲಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಇನ್ನೊಬ್ಬರ ಮಕ್ಕಳ ಸುಳ್ಳನ್ನು ಕಣ್ಣು ನೋಡಿ ಹಿಡಿಯುತ್ತಿದ್ದ ಟೀಚರಮ್ಮ ನಾನು.

ಒಂದು ಸಲ ನಮ್ಮ ಮನೆಗೆ ಬಂದು ಒಂದು ರಾತ್ರಿ ಉಳಿದಿದ್ದ. ಮೊದಲೆಲ್ಲ ನಾಲ್ಕು ದಿನ ಇರುತ್ತಿದ್ದವನು ಬರಬರುತ್ತ ಸಂಜೆಯ ಬಸ್ಸಿಗೇ ಓಡುತ್ತಿದ್ದ. ಆ ಸಲ ನಾನೇ ಚಪ್ಪಲಿ ಬಚ್ಚಿಟ್ಟು ಉಳಿಸಿಕೊಂಡೆ. ಬೆಳಗ್ಗೆ ನೋಡಿದರೆ ಬನಿಯನ್ನು ತೊಯ್ಯುವಷ್ಟು ಬೆವರಿದ್ದ, ಚಹಾದ ಬಸಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಜ್ವರ ಎಂದುಕೊಂಡು ಶುಂಠಿ ಮೆಣಸಿನ ಕಷಾಯ ಮಾಡಿ ಕುಡಿಸಿದೆ. ಎಲೆ ಅಡಿಕೆ ತರುತ್ತೇನೆ ಎಂದು ಹೊರಗೆ ಹೋದ. ಅರ್ಧ ತಾಸಿಗೆ ಬಂದಾಗ ಬೆವರೂ ಇಲ್ಲ, ನಡುಕವೂ ಇಲ್ಲ, ನನ್ನ ಮೊಮ್ಮಕ್ಕಳ ಜೊತೆ ನಗುತ್ತ ಕೂತ. ನನ್ನ ಕಷಾಯದ ಗುಣ ಎಂದು ಓಣಿಯ ನಾಲ್ಕು ಮನೆಗೆ ಅದನ್ನು ಮಾಡುವುದು ಹೇಳಿಕೊಟ್ಟೆ. ಈಗ ನೆನಪಾದರೆ ನಗು ಬರುತ್ತದೆ, ಆ ನಗುವಿನ ಹಿಂದೆಯೇ ಕಪಾಳಕ್ಕೆ ಹೊಡೆದುಕೊಳ್ಳುವಷ್ಟು ಸಿಟ್ಟೂ ಬರುತ್ತದೆ.

ಇನ್ನು ಶ್ರಾವಣದ ಮಾತು. ಪಂಚಮಿ ಬರುವುದೇ ಶ್ರಾವಣದ ಐದನೇ ದಿನ. ವರ್ಷದಲ್ಲಿ ಬಳೆ ಅಂಗಡಿಗೆ ಅದಕ್ಕಿಂತ ದೊಡ್ಡ ದಿನ ಇಲ್ಲ. ಅದೇ ದಿನಗಳಲ್ಲಿ ಅಣ್ಣ ದಾರು ಬಿಟ್ಟಿರುತ್ತಿದ್ದ, ಅದೇ ದಿನಗಳಲ್ಲಿ ಅವನ ಕೈ ನಡುಗುತ್ತಿತ್ತು. ವರ್ಷವೆಲ್ಲ ಕಲ್ಲಿನಂತೆ ನಿಲ್ಲುವ ಕೈ ಶ್ರಾವಣದಲ್ಲಿ ಮಾತ್ರ ಅಲುಗುತ್ತಿತ್ತು. ಬಳೆ ಇಡಿಸಿಕೊಳ್ಳುವ ಹೆಂಗಸರಿಗೆ ಅದು ಮೊದಲು ಗೊತ್ತಾಯಿತು. ಬಳಿಗಾರ ಅಣ್ಣ ಉಪಾಸ ಹಿಡಿದಾನ, ನಿತ್ರಾಣ ಆಗ್ಯಾನ ಎಂದು ಅವರು ಮರುಗುತ್ತಿದ್ದರು. ತಿಂಗಳು ಮುಗಿದು ಮತ್ತೆ 'ತಗೊಳ್ಳಲು' ಶುರು ಮಾಡಿದ ಮೇಲೆ ಕೈ ನಿಲ್ಲುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ಅಣ್ಣನಿಗೆ ಶ್ರಾವಣ ಆಗಿಬರುವುದಿಲ್ಲ. ದಾರು ಇಲ್ಲದೆ ನಡುಗುವ ಕೈ ದಾರು ಕಂಡರೆ ನಿಲ್ಲುತ್ತದೆ ಎಂದರೆ ಏನರ್ಥ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ತಪ್ಪನ್ನು ದೇವರ ತಿಂಗಳ ಮೇಲೆ ಹಾಕಿ ಆರಾಮಾಗಿ ಇದ್ದೆವು.

ಆಮೇಲೆ ಆ ಶ್ರಾವಣ ಎರಡು ಸಲ ಬಂದ ವರ್ಷ ಬಂತು. ಮೊದಲನೆಯದು ಅಧಿಕ ಮಾಸ, ಎರಡನೆಯದು ನಿಜ ಶ್ರಾವಣ. ಯಾವುದನ್ನು ಹಿಡಿಯಬೇಕು ಎಂದು ಊರಿನ ಗಂಡಸರಲ್ಲಿ ದೊಡ್ಡ ಚರ್ಚೆ. ಕೆಲವರು ಎರಡನ್ನೂ ಹಿಡಿದರು. ಅಣ್ಣ ಪಂಚಾಂಗವನ್ನು ಅರೆದು ಕುಡಿದವನಂತೆ ಫೋನಿನಲ್ಲಿ ನನಗೆ ವಿವರಿಸಿದ: ಅಧಿಕ ಲೆಕ್ಕಕ್ಕಿಲ್ಲ, ಮಠದ ಅಯ್ಯನವರನ್ನೇ ಕೇಳಿ ಬಂದೇನಿ. ಪಂಚಾಂಗ ಎಂದೂ ಮುಟ್ಟದವನು ಈ ಒಂದು ಪ್ರಶ್ನೆಗಾಗಿ ಮಠಕ್ಕೆ ಹೋಗಿ ಬಂದದ್ದು ಕೇಳಿ ನನಗೆ ಮೊದಲ ಸಲ ಎಲ್ಲೋ ಚುಚ್ಚಿತು. ಬಿಡುವ ಮಾತಿಗೆ ಮನುಷ್ಯ ಇಷ್ಟು ಹೆದರುತ್ತಾನೆಯೇ?

ನಿಜ ಶ್ರಾವಣದ ಪಂಚಮಿಗೆ ಎರಡು ದಿನ ಮೊದಲೇ ಹೋದೆ, ಮನೆಮನೆಗೆ ರೊಟ್ಟಿ ಹಂಚುವ ದಿನ. ಅಣ್ಣ ಶ್ರಾವಣ ಹಿಡಿದಿದ್ದ, ಹಣೆಯ ತುಂಬ ವಿಭೂತಿ. ಹಿಂದಿನ ಎರಡು ಪಂಚಮಿಗೂ ಕೈ ನಿಂತಿದ್ದನ್ನು ನೋಡಿ ವ್ರತ ಒಗ್ಗಿತೆಂದು ತಿಳಿದಿದ್ದೆ, ಈ ಸಲವೂ ಅದು ನಡುಗುತ್ತಿರಲಿಲ್ಲ. ನಾನು ಖುಷಿಪಡಬೇಕಿತ್ತು, ಆದರೆ ಆಗಲೇ ಹುಳ ಹೊಕ್ಕಿತ್ತಲ್ಲ. ಸಂಜೆ ಅವನು ಮಠಕ್ಕೆ ಹೋದಾಗ ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಬಳೆಯ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಗಾಜಿನ ಬಳೆಯ ಎರಡು ಡಬ್ಬಿಗಳ ಹಿಂದೆ ದಾರು ಪಾಕೀಟುಗಳಿದ್ದವು, ಪಕ್ಕದಲ್ಲಿ ಒಂದು ಚಹಾದ ಗ್ಲಾಸು. ಬಾಗಿಲಲ್ಲಿ ವೈನಿ ಬಂದು ನಿಂತಿದ್ದಳು.

ವೈನಿ ಎಂದರೆ ನಮ್ಮ ಅಣ್ಣನ ಹೆಂಡತಿ, ಜೇವರ್ಗಿಯ ಹೆಣ್ಣು. ಮಾತು ಕಡಿಮೆ. ನಾನು ಹತ್ತು ಆಡಿದರೆ ಆಕೆ ಒಂದು, ಅದೂ ಬೇಕಾದರೆ. ಆಕೆಯೇ ಹೇಳಿದಳು. ಮೂರು ವರ್ಷದ ಹಿಂದಿನಿಂದ ಶ್ರಾವಣದಲ್ಲಿಯೂ ಬೆಳಗ್ಗೆ ಒಂದು ಗುಟುಕು ತಾನೇ ಕೊಡುತ್ತಿದ್ದಾಳಂತೆ. ಕೊಡದಿದ್ದರೆ ಕೈ ನಿಲ್ಲುವುದಿಲ್ಲ, ಪಂಚಮಿಯ ದಿನ ಹೆಂಗಸರ ಬಳೆ ಹೆಚ್ಚಿದರೆ ಅಪಶಕುನ ಎಂದು ಮಂದಿ ಎದ್ದು ಹೋಗುತ್ತಾರೆ. ಶ್ರಾವಣ ಹಿಡಿದ ಗಂಡನ ಮಾನವೂ ಉಳಿಯಬೇಕು, ಅಂಗಡಿಯೂ ನಡೆಯಬೇಕು. ಔಷಧ ಎಂದುಕೊಂಡು ಕೊಡುತ್ತಿದ್ದೆ ಎಂದಳು.

ನನಗೆ ಮೈಯೆಲ್ಲ ಉರಿ ಹತ್ತಿತು. ಹತ್ತು ವರ್ಷದ ನನ್ನ ವಾದವೆಲ್ಲ ಆ ಚಹಾದ ಗ್ಲಾಸಿನಲ್ಲಿ ಮುಳುಗಿ ಹೋಗಿತ್ತು. ಅಣ್ಣ ಬರುವ ದಾರಿ ಕಾದು, ಅವನ ಮುಂದೆಯೇ ಎಲ್ಲ ಪಾಕೀಟು ಹರಿದು ಬಚ್ಚಲಿಗೆ ಸುರಿದೆ. ಅವನ ಕೈ ಎಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಇನ್ನು ಮುಟ್ಟಿದರೆ ತಂಗಿ ಸತ್ತಂತೆ ಎಂದು ಆಣೆ ಹಾಕು ಎಂದೆ. ಅವನು ಸಣ್ಣ ದನಿಯಲ್ಲಿ, "ಆಣಿ ಇಟ್ಟೆ, ಯವ್ವಾ. ಇನ್ನ ಮುಟ್ಟಂಗಿಲ್ಲ," ಎಂದ.

ವೈನಿ ನನ್ನನ್ನು ಒಳಗೆ ಕರೆದು, ಎಂದೂ ಹೇಳದಷ್ಟು ಗಟ್ಟಿಯಾಗಿ ಹೇಳಿದಳು: "ಒಮ್ಮಿಗೇ ಬಿಡಿಸಬ್ಯಾಡ. ಅವರಿಗೆ ತಡಿಯಂಗಿಲ್ಲ. ಹಿಂದೊಮ್ಮಿ ಬಿಟ್ಟಾಗ ಸೆಳವು ಬಂದು ಮೈ ಸೆಟದಿತ್ತು."

"ನೀವು ಕೊಟ್ಟು ಕೊಟ್ಟೇ ಹಿಂಗಾಗ್ಯಾನ. ಇನ್ನರೆ ಸುಮ್ಮನಿರ್ರಿ, ವೈನಿ," ಎಂದೆ ನಾನು. ಆಕೆಯನ್ನು ಸುಮ್ಮನಿರಿಸುವುದು ಯಾವಾಗಲೂ ಸುಲಭವಿತ್ತು.

ಮರುದಿನ ಚೌತಿ. ಹುತ್ತಕ್ಕೆ ಹಾಲೆರೆಯುವಾಗ ಅಣ್ಣನ ಕೈಯಲ್ಲಿನ ಬಟ್ಟಲು ತುಳುಕಿ ಅರ್ಧ ಹಾಲು ಅಂಗಿಯ ಮೇಲೆ ಹೋಯಿತು. ಬೆವರುತ್ತಿದ್ದ, ಏನೂ ತಿನ್ನಲಿಲ್ಲ, ಚೊಂಬು ಬಿದ್ದ ಸಪ್ಪಳಕ್ಕೂ ಬೆಚ್ಚುತ್ತಿದ್ದ. ನಾನು ವಿಷ ಇಳಿಯುತ್ತಿದೆ ಎಂದು ಸಮಾಧಾನ ಮಾಡಿಕೊಂಡೆ, ಎರಡು ದಿನ ಕಷ್ಟ, ಆಮೇಲೆ ಬಂಗಾರ ಎಂದೆ. ಪಂಚಮಿಯ ದಿನ ಅಂಗಡಿಯಲ್ಲಿ ಮೊದಲು ಕೂತವಳ ಕೈಯಲ್ಲಿ ಮೂರು ಬಳೆ ಹೆಚ್ಚಿದವು. ಎರಡನೆಯವಳಿಗೆ ಗಾಜು ತಾಗಿ ಮುಂಗೈಯಲ್ಲಿ ರಕ್ತ ಬಂತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಆ ವರ್ಷ ನಾನೂ ಬಳೆ ಇಡಿಸಿಕೊಳ್ಳಲಿಲ್ಲ. ಅವನು ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ.

ಅದರ ಮರುದಿನ ಬೆಳಗ್ಗೆ ನಾನು ಚಹಾ ತೆಗೆದುಕೊಂಡು ಪಡಸಾಲೆಗೆ ಬಂದೆ. ಅಣ್ಣ ನೆಲದ ಮೇಲೆ ಮೊಣಕಾಲೂರಿ ಕೂತು ಏನನ್ನೋ ಆರಿಸುತ್ತಿದ್ದ. ಎರಡು ಬೆರಳಿನಿಂದ ಹುಷಾರಾಗಿ ಎತ್ತಿ ಇನ್ನೊಂದು ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ನೆಲ ಖಾಲಿ ಇತ್ತು, ಅಂಗೈಯೂ ಖಾಲಿ ಇತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣು ಕೆಂಪಗಿದ್ದವು, ಎಲ್ಲೋ ದೂರದಲ್ಲಿದ್ದವು.

"ಅಲ್ಲೇ ನಿಲ್ಲು, ತಂಗಿ. ಬಳಿ ಚೂರು ಬಿದ್ದಾವ. ಕಾಲಿಗೆ ಚುಚ್ಚತಾವ," ಎಂದ.

ನನ್ನ ಬದುಕಿನಲ್ಲಿ ನನಗೆ ಅಷ್ಟು ಭಯ ಎಂದೂ ಆಗಿಲ್ಲ. ಬುದ್ಧಿ ಎಲ್ಲಿದೆ ಎಂದು ತಿಳಿಯದ ಹೊತ್ತಿನಲ್ಲೂ ಅವನು ನನ್ನ ಕಾಲಿನ ಚಿಂತೆ ಮಾಡುತ್ತಿದ್ದ. ನಾನು ಬರಿಗಾಲಲ್ಲಿ, ಇಲ್ಲದ ಗಾಜನ್ನು ತುಳಿಯಲಾರದೆ, ಅಲ್ಲೇ ನಿಂತೆ.

ಓಣಿ ಸೇರಿತು. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದಕ್ಕೆ ಹೌದೆಂದರು. ಶ್ರಾವಣ ಹಿಡಿದು ಕದ್ದು ತಗೊಂಡಾನ, ಭಾಗ್ಯವಂತಿ ಮುನಿದಾಳ, ಘತ್ತರಗಿಗೆ ಒಯ್ದು ಗುಡಿಯಲ್ಲಿ ಐದು ದಿನ ಇರಿಸಬೇಕು. ಯಾರೋ ಜೀಪು ತಂದರು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು ಆ ಜೀಪಿಗೆ ತೆಂಗಿನಕಾಯಿ, ಹಸಿರು ಬಳೆ, ಉಡಿ ತುಂಬುವ ಸಾಮಾನು ಕಟ್ಟಿಕೊಂಡು ಹತ್ತಿದೆ. ಅಣ್ಣನನ್ನು ಇಬ್ಬರು ಹಿಡಿದು ಕೂರಿಸಿದರು. ಮೈ ಕೆಂಡದಂತೆ ಸುಡುತ್ತಿತ್ತು. ಜೀಪು ತಾಲೂಕು ದವಾಖಾನೆಯ ಮುಂದೆ ಬಂದಾಗ ವೈನಿ ಡ್ರೈವರನ ಭುಜದ ಮೇಲೆ ಕೈಯಿಟ್ಟು ನಿಲ್ಲಿಸು ಎಂದಳು. ಹಿರಿಯರೊಬ್ಬರು ತಡೆಯಲು ಹೋದರು. ಆಕೆ ಅವರ ಮುಖ ನೋಡಲಿಲ್ಲ. ಕೆಳಗಿಳಿದು ತಾನೇ ಗಂಡನ ತೋಳು ಹಿಡಿದಳು.

ಒಳಗೆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಶಾಲೆಯಲ್ಲಿ ಓದಿದ್ದರೂ ಓದಿರಬಹುದಾದ ವಯಸ್ಸು. ಅಣ್ಣನ ಕಣ್ಣು ನೋಡಿದಳು, ಕೈ ಚಾಚಿಸಿ ನೋಡಿದಳು. ನಮ್ಮ ಕಡೆ ತಿರುಗಿ, ಕುಡಿಯುತ್ತಾರೆಯೇ ಎಂದು ಕೇಳಿದಳು. ಹತ್ತು ವರ್ಷದ ಅಭ್ಯಾಸ, ನನ್ನ ಬಾಯಿ ತಾನೇ ತೆರೆಯಿತು. "ಇಲ್ರಿ. ಶ್ರಾವಣ ಹಿಡಿದಾರ್ರಿ," ಎಂದೆ. ಹಾಗೆನ್ನುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಅದು ಈಗಲೂ ನನ್ನ ಕಿವಿಯಲ್ಲಿದೆ.

ಡಾಕ್ಟರು ಬರೆದುಕೊಳ್ಳಲು ತಲೆ ಬಗ್ಗಿಸಿದಳು. ಆಗ ವೈನಿ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ದಿನಾ ಕುಡೀತಾರ್ರಿ. ಮುಂಜಾನಿ ನಾನ ಕೊಡ್ತಿದ್ದೆ. ಕೊಡದಿದ್ರ ಕೈ ನಡುಗ್ತಿತ್ರಿ. ಮೂರು ದಿನಾತ್ರಿ, ಪೂರ್ತಿ ನಿಂತು."

ಆಮೇಲೆ ನಡೆದದ್ದೆಲ್ಲ ಓಡಾಟ. ಸೂಜಿ, ಸಲಾಯಿನ್, ಮಂಚಕ್ಕೆ ಮೆತ್ತಗಿನ ಬಟ್ಟೆಯಿಂದ ಕಟ್ಟಿದ ಕೈಗಳು, ಕಲಬುರಗಿಯ ದೊಡ್ಡ ದವಾಖಾನೆಗೆ ಆಂಬುಲೆನ್ಸು. ಹೊರಡುವ ಮೊದಲು ಡಾಕ್ಟರು ವೈನಿಗೆ ಒಂದೊಂದೇ ಪ್ರಶ್ನೆ ಕೇಳಿ ಚೀಟಿ ಬರೆದಳು. ಮೊದಲು ಎಷ್ಟಕ್ಕೆ ಸಾಕಾಗುತ್ತಿತ್ತು, ಈಗ ಎಷ್ಟು ಬೇಕು. ಎದ್ದ ಕೂಡಲೇ ಬೇಕೆನಿಸುತ್ತಿತ್ತೇ. ಬಿಡಲು ನೋಡಿ ಆಗಲಿಲ್ಲವೇ. ಮಂದಿಯಿಂದ, ಊಟದಿಂದ, ಬೀಗರ ಮನೆಯಿಂದ ತಪ್ಪಿಸಿಕೊಳ್ಳುತ್ತಿದ್ದರೇ. ವೈನಿ ಎಲ್ಲದಕ್ಕೂ ತಲೆಯಾಡಿಸುತ್ತ ಹೋದಳು. ಪ್ರತಿ ಪ್ರಶ್ನೆಗೂ ನನಗೆ ಒಂದೊಂದು ನೆನಪು ಬಂದು ಎದುರು ನಿಂತಿತು. ಲವಂಗ. ಸಂಜೆಯ ಬಸ್ಸು. ನನ್ನ ಕಷಾಯ. ಎಲ್ಲವನ್ನೂ ನಾನು ನೋಡಿದ್ದೆ, ಒಂದನ್ನೂ ಕಂಡಿರಲಿಲ್ಲ. ಕುಡಿದಾಗ ಮನುಷ್ಯ ಹೇಗಿರುತ್ತಾನೆ ಎಂದು ನೀವೆಲ್ಲ ನೋಡುತ್ತೀರಿ, ಕುಡಿಯದೆ ಇದ್ದಾಗ ಹೇಗಿರುತ್ತಾನೆ ಎಂದು ನೋಡಬೇಕಿತ್ತು ಎಂದಳು ಡಾಕ್ಟರು. ಇಷ್ಟು ವರ್ಷ ಕುಡಿದ ಮೈಯಿಂದ ಹೀಗೆ ಒಮ್ಮೆಲೇ ಕಿತ್ತುಕೊಂಡರೆ ಜೀವಕ್ಕೇ ಅಪಾಯ, ಬಿಡಿಸುವುದಿದ್ದರೆ ದವಾಖಾನೆಯಲ್ಲಿಟ್ಟು ಔಷಧ ಕೊಟ್ಟು ಬಿಡಿಸಬೇಕು, ಇನ್ನು ಅರ್ಧ ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದಳು. ಮುರಿದ ಶ್ರಾವಣವೂ ಅಲ್ಲ, ದೇವಿಯ ಮುನಿಸೂ ಅಲ್ಲ, ಅಣ್ಣನನ್ನು ಅಲ್ಲಿಗೆ ತಂದದ್ದು ನನ್ನ ಆಣೆ. ಬಾಗಿಲ ಹೊರಗೆ ಬಂದು ವೈನಿಯ ಕಾಲಿಗೆ ಬಿದ್ದೆ. ಆಕೆ ನನ್ನನ್ನು ಎತ್ತಿ, ಇಬ್ಬರೂ ತಪ್ಪು ಮಾಡಿದೆವು, ನಾನು ಕೊಟ್ಟು, ನೀನು ಕಸಿದು ಎಂದಳು. ಆಕೆಯ ಬಾಯಲ್ಲಿ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಕಡಿಮೆ.

ಬುದ್ಧಿ ತಿಳಿದ ಮೇಲೆ ಅಣ್ಣ ಮೊದಲು ಕೇಳಿದ್ದು ಅಂಗಡಿಯನ್ನಲ್ಲ, ನನ್ನ ತಲೆಯನ್ನು. ಆಣೆ ಮುರಿದಿಲ್ಲ, ನಿನಗೇನೂ ಆಗುವುದಿಲ್ಲ ಎಂದು ನನಗೇ ಧೈರ್ಯ ಹೇಳಿದ. ಆಣೆಯನ್ನು ಅಲ್ಲೇ ವಾಪಸ್ಸು ತಗೊಂಡೆ. ತಂಗಿ ಸಾಯುತ್ತಾಳೆಂದು ಬಿಡುವುದು ಬೇಡ, ಬಿದ್ದರೆ ಮುಚ್ಚಿಡದೆ ಹೇಳು, ಅಷ್ಟು ಸಾಕು ಎಂದೆ.

ದವಾಖಾನೆಯಿಂದ ಬಂದ ಮೇಲೆ ವೈನಿಯ ಅಣ್ಣತಮ್ಮಂದಿರು ಅವನನ್ನು ಜೇವರ್ಗಿಗೆ ಕರೆದೊಯ್ದು ಮೂರು ತಿಂಗಳು ಇಟ್ಟುಕೊಂಡರು. ಅಲ್ಲಿ ಸಂಜೆಯಾದರೆ ಕರೆಯುವ ಗೆಳೆಯರಿರಲಿಲ್ಲ. ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಅಂಗಳದಲ್ಲಿ ಕೂತು ಮಕ್ಕಳ ಜೊತೆ ಶೇಂಗಾ ಸುಲಿಯುತ್ತಿದ್ದ. ಊಟದ ರುಚಿ ಬಂದಿದೆ, ರೊಟ್ಟಿಯ ಜೊತೆಗಿನ ಹಿಂಡಿಯ ಖಾರ ಈಗ ತಿಳಿಯುತ್ತದೆ ಎನ್ನುತ್ತಿದ್ದ. ನಡುವೆ ಒಮ್ಮೆ ಯಾರದೋ ಮನೆಯ ಗೃಹಪ್ರವೇಶದಲ್ಲಿ ಮತ್ತೆ ಕುಡಿದ. ಮೂರನೆಯ ದಿನಕ್ಕೆ ತಾನೇ ನನಗೆ ಫೋನ್ ಮಾಡಿ ಹೇಳಿದ, ತಾನೇ ಬಸ್ಸು ಹತ್ತಿ ದವಾಖಾನೆಗೆ ಹೋದ. ನನಗೆ ಬೈಯಬೇಕೆನಿಸಿತು, ಬೈಯಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ.

ಈಗ ಅಂಗಡಿಯಲ್ಲಿ ವೈನಿ ಬಳೆ ಇಡುತ್ತಾಳೆ. ಮಾತಿಲ್ಲದ ಬಳೆಗಾರ್ತಿ ಎಂದು ಹೆಂಗಸರು ಮೊದಲು ಗೊಣಗಿದರು, ಈಗ ಒಗ್ಗಿದೆ. ಅಣ್ಣ ಹಿಂದೆ ಕೂತು ಬಣ್ಣ ಬಣ್ಣದ ಬಳೆ ಬೇರ್ಪಡಿಸಿ ಡಬ್ಬಿಗೆ ತುಂಬುತ್ತಾನೆ. ಅವನ ಕೈಯಲ್ಲಿ ಸ್ವಲ್ಪ ನಡುಕ ಉಳಿದೇ ಬಿಟ್ಟಿತು. ಅದು ಹೋಗದೆಯೂ ಇರಬಹುದು ಎಂದಿದ್ದಾರೆ. ಹೆಂಗಸರ ಕೈ ಹಿಡಿಯಲು ಅವನಿಗೆ ಈಗ ಭಯ. ಮೂರು ಪಂಚಮಿ ನಾನೂ ಬರಿಗೈಯಲ್ಲೇ ಕಳೆದೆ. ವೈನಿ ಕೈಲಿ ಇಡಿಸ್ಕೊ ಎಂದು ಅವನು ಹೇಳುತ್ತಲೇ ಬಂದ. ಮದುವೆಯ ಮುಂಚಿನ ಮಾತು ನೆನಪಿದೆಯೋ ಇಲ್ಲವೋ ಎಂದು ನಾನೂ ಕೇಳಲಿಲ್ಲ.

ಈ ಸಲದ ಪಂಚಮಿಗೆ ಬಸ್ಸಿಳಿದಾಗ ಅವನು ಹಳೆಯ ಜಾಗದಲ್ಲೇ ನಿಂತಿದ್ದ. ಬಾಯಲ್ಲಿ ಲವಂಗದ ವಾಸನೆ ಇರಲಿಲ್ಲ. ಅದನ್ನು ನೋಡಿಕೊಳ್ಳುವ ಚಟ ಈಗ ನನಗೆ. ನನ್ನ ಬರಿಗೈ ನೋಡಿ ಮುಖ ತಿರುಗಿಸಿದ. ಮಧ್ಯಾಹ್ನ ಅಂಗಡಿಯ ಗದ್ದಲ ಇಳಿದ ಮೇಲೆ ನಾನು ಚಾಪೆಯ ಮೇಲೆ ಕೂತು, ವೈನಿಯನ್ನು ಬಿಟ್ಟು, ಅವನ ಮುಂದೆ ಕೈ ಚಾಚಿದೆ. ಬೇಡ ಎಂದ. ನಾನು ಕೈ ಹಿಂದೆಗೆಯಲಿಲ್ಲ. ವೈನಿ ಹಸಿರು ಬಳೆಯ ಡಬ್ಬಿಯನ್ನು ಅವನ ಕಡೆ ಸರಿಸಿ ಎದ್ದು ಒಳಗೆ ಹೋದಳು.

ಅವನು ನನ್ನ ಬೆರಳು ಕೂಡಿಸಿದ, ಹೆಬ್ಬೆರಳು ಮಡಚಿದ. ಅವನ ಕೈಯ ನಡುಕ ನನ್ನ ಎಲುಬಿಗೆ ತಾಗುತ್ತಿತ್ತು. ಎಷ್ಟೋ ಪಂಚಮಿಗಳಲ್ಲಿ ಕಲ್ಲಿನಂತೆ ನಿಂತ ಕೈಯಿಂದ ನಾನು ಬಳೆ ಇಡಿಸಿಕೊಂಡಿದ್ದೆ. ಅವುಗಳಲ್ಲಿ ಎಷ್ಟು ಸಲ ದಾರು ಆ ಕೈಯನ್ನು ನಿಲ್ಲಿಸಿತ್ತೋ ಯಾರಿಗೆ ಗೊತ್ತು. ಇದು ಅವನದೇ ಕೈ. ಒಂದು ಏರಿತು, ಎರಡು ಏರಿತು, ಐದನೆಯದು ಗಂಟಿನ ಹತ್ತಿರ ಸಿಕ್ಕಿ ಎರಡು ಚೂರಾಗಿ ನನ್ನ ಮಡಿಲಿಗೆ ಬಿತ್ತು. ಅವನು ಬಳೆ ಏರಿಸುವುದನ್ನು ನಿಲ್ಲಿಸಿದ. ಹಿಂದಾಗಿದ್ದರೆ ಇಬ್ಬರೂ ಹೆಚ್ಚಿತು ಎಂದು ದೇವರ ಕಡೆ ನೋಡುತ್ತಿದ್ದೆವು. ಅವನು ಚೂರನ್ನು ಎತ್ತಿ ತನ್ನ ಅಂಗೈಯಲ್ಲಿ ಇಟ್ಟುಕೊಂಡು, ಬಳೆಗಾರರ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳದ ಮಾತನ್ನು ಆಡಿದ.

"ಒಡೀತು, ತಂಗಿ."

"ಒಡೀಲಿ," ಎಂದೆ. "ಇನ್ನೊಂದು ಇಡು."